ಭೀಮೆಯ ಬಾಳೆ ಮೀನಿಗೆ ತಕ್ಕ ಗಾಳ

ಮೀನು ಗಾಳಕ್ಕೆ ಬೀಳುವುದು ಅದೃಷ್ಟದ ಮಾತಾಗಿರಬಹುದು. ಬಿದ್ದ ಮೀನು ದಂಡೆಗೆ ಬರುವುದು ಮಾತ್ರ ಲೆಕ್ಕದ ಫಲ. ಮೂವತ್ತು ವರ್ಷಗಳಿಂದ ಹಳ್ಳಿಯ ಕನ್ನಡ ಶಾಲೆಯಲ್ಲಿ ಗಣಿತ ಮತ್ತು ವಿಜ್ಞಾನಗಳನ್ನು ಕಲಿಸುತ್ತ, ರಜೆಯ ಸಂಜೆಗಳನ್ನು ಹೊಳೆಯ ದಂಡೆಯಲ್ಲಿ ಕಳೆಯುತ್ತ ಬಂದ ನನಗೆ ಈ ಮಾತಿನ ಸತ್ಯ ವರ್ಷದಿಂದ ವರ್ಷಕ್ಕೆ ಗಟ್ಟಿಯಾಗುತ್ತಿದೆ. ವಾಚಕರಲ್ಲಿ ಮೀನು ತಿನ್ನದ ಮನೆಯವರೂ ಇದ್ದೀರಿ. ಆದರೆ ಹೊಳೆಯ ದಂಡೆಯ ಊರುಗಳಲ್ಲಿ ಯಾವ ಮನೆಯ ಹುಡುಗನೂ ಗಾಳದ ಆಸೆಗೆ ಹೊರತಲ್ಲವಾದ್ದರಿಂದ ಈ ನಾಲ್ಕು ಮಾತು ಎಲ್ಲರಿಗೂ ಉಪಯೋಗಕ್ಕೆ ಬಂದೀತೆಂದು ನಂಬಿದ್ದೇನೆ.

ಭೀಮಾಶಂಕರದಲ್ಲಿ ಹುಟ್ಟಿದ ಭೀಮೆ ಪಂಢರಪುರವನ್ನು ದಾಟಿ, ಕುಡಲದಲ್ಲಿ ಸೀನೆಯನ್ನು ಕೂಡಿಕೊಂಡು ನಮ್ಮ ಸೀಮೆಗೆ ಬರುತ್ತಾಳೆ. ಇಲ್ಲಿ ಈ ದಂಡೆ ಮಹಾರಾಷ್ಟ್ರ, ಆ ದಂಡೆ ಕರ್ನಾಟಕ. ಮಾತು ಎರಡೂ ಕಡೆ ಒಂದೇ. 1980ರಲ್ಲಿ ಉಜನಿಯ ಅಣೆಕಟ್ಟು ಪೂರ್ಣಗೊಂಡ ಮೇಲೆ ಕೆಳಗಣ ಹೊಳೆಯ ನಡೆ ಬದಲಾಯಿತು. ಬೇಸಿಗೆಯಲ್ಲಿ ನೀರು ಉಳಿಯುವುದು ಮಡುಗಳಲ್ಲಿ ಮತ್ತು ಕೊಲ್ಹಾಪುರ ಮಾದರಿಯ ಬಂಧಾರಗಳ ಹಿಂದೆ ಮಾತ್ರ. ಆ ಆಳದ ನೀರಿನ ಒಡೆಯನೇ ಬಾಳೆ ಮೀನು. ಕರಾವಳಿಯವರು ಬೇರೊಂದು ಕಡಲ ಮೀನನ್ನು ಈ ಹೆಸರಿನಿಂದ ಕರೆಯಬಹುದು. ನಾನು ಹೇಳುತ್ತಿರುವುದು ಹೊಳೆಯ ಬಾಳೆಯನ್ನು. ಮೈಮೇಲೆ ಹುರುಪೆ ಇಲ್ಲ. ಬಾಯ ಸೀಳು ಕಣ್ಣಿನಾಚೆಗೂ ಹೋಗುತ್ತದೆ. ಒಳಗೆ ಗರಗಸದಂಥ ಸಣ್ಣ ಹಲ್ಲುಗಳ ಸಾಲು. ಮೇಲೆ ಉದ್ದನೆಯ ಮೀಸೆ. ಹಗಲೆಲ್ಲ ಕಲ್ಲಿನ ಸಂದಿಯಲ್ಲಿ, ಮುಳುಗಿದ ಮರದ ಮಗ್ಗುಲಲ್ಲಿ ಬಿದ್ದಿದ್ದು, ಕತ್ತಲಾದ ಮೇಲೆ ಬೇಟೆಗೆ ಹೊರಡುತ್ತದೆ. ಒಂದು ಮೀಟರಿಗೂ ಮಿಕ್ಕಿ ಬೆಳೆಯುವ ಈ ಮೀನು ಎರಡು ಮೂರು ಕಿಲೋ ತೂಗುವುದು ಸಾಮಾನ್ಯ, ಹತ್ತು ಕಿಲೋ ಮೀರುವುದು ಅಪರೂಪ. ಆ ಅಪರೂಪದ ಒಂದಕ್ಕಾಗಿಯೇ ಹುಡುಗರು ರಾತ್ರಿಯ ನಿದ್ದೆ ಬಿಡುತ್ತಾರೆ.

ಈ ಹುಡುಗರ ಕೈಯಲ್ಲಿರುವ ಸಾಧನವಾದರೂ ಏನು? ಸಂತೆಯಲ್ಲಿ ಕೊಂಡ ನೈಲಾನ್ ದಾರದ ಒಂದು ಉಂಡೆ, ತುದಿಗೊಂದು ಕೊಕ್ಕೆ, ಭಾರಕ್ಕೊಂದು ಕಲ್ಲು. ಇನ್ನೊಂದು ತುದಿಯನ್ನು ಅಂಗೈಗೆ ಎರಡು ಸುತ್ತು ಸುತ್ತಿಕೊಂಡು ಕೂಡುತ್ತಾರೆ. ನಮ್ಮ ಏಳನೆಯ ಇಯತ್ತೆಯ ಹುಡುಗನೊಬ್ಬ ಬೇಸಿಗೆಯ ರಜೆ ಮುಗಿಸಿ ಶಾಲೆಗೆ ಬಂದಾಗ ಅವನ ಬಲ ಅಂಗೈಯಲ್ಲಿ ಅಡ್ಡಲಾಗಿ ಹೊಲಿಗೆಯ ಗುರುತಿತ್ತು. ಮೀನು ಜಗ್ಗಿದಾಗ ಸುತ್ತಿದ ದಾರ ಬಿಗಿದು ಮಾಂಸವನ್ನು ಸೀಳಿತ್ತು. ಬಿಡಿಸಿಕೊಳ್ಳಲು ಆಗದೆ ಅವನು ಮೊಣಕಾಲುದ್ದ ನೀರಿಗೆ ಇಳಿದಿದ್ದನಂತೆ. ಜೊತೆಯಲ್ಲಿದ್ದ ಅಣ್ಣ ಕುಡುಗೋಲಿನಿಂದ ದಾರವನ್ನು ಕತ್ತರಿಸಿದ್ದರಿಂದ ಅನಾಹುತ ಅಲ್ಲಿಗೇ ನಿಂತಿತು. ಆ ವರ್ಷ ಮೊದಲ ಎರಡು ತಿಂಗಳು ಅವನು ಎಡಗೈಯಲ್ಲಿ ಬರೆದ. ಅಂದಿನಿಂದ ಪ್ರತಿ ವರ್ಷ ಪರೀಕ್ಷೆಗಳು ಮುಗಿದ ಮೇಲಿನ ಒಂದು ಶನಿವಾರ ನಾನು ಮೇಲಿನ ತರಗತಿಯ ಮಕ್ಕಳಿಗೆ ಗಾಳದ ಪಾಠ ಹೇಳುತ್ತೇನೆ. ಅದು ಪಠ್ಯಕ್ರಮದಲ್ಲಿಲ್ಲ, ಆದರೆ ಅದರಲ್ಲಿರುವ ಪ್ರತಿಯೊಂದು ಸೂತ್ರವೂ ಪಠ್ಯಪುಸ್ತಕದಲ್ಲಿದೆ.

ಮೊದಲನೆಯದು ಆರ್ಕಿಮಿಡೀಸನ ಸೂತ್ರ. ನೀರಿನಲ್ಲಿರುವ ಹತ್ತು ಕಿಲೋ ಮೀನು ಹತ್ತು ಕಿಲೋ ಭಾರವಲ್ಲ. ನೀರೇ ಅದನ್ನು ಹೊತ್ತಿರುತ್ತದೆ. ದಾರದ ಮೇಲೆ ಬೀಳುವುದು ಅದರ ಈಜಿನ ಸೆಳೆತ ಮತ್ತು ಪ್ರವಾಹದ ಒತ್ತು ಮಾತ್ರ. ಅದೇ ಮೀನನ್ನು ಕೋಲಿನಿಂದ ನೀರಿನಾಚೆಗೆ ಎತ್ತಹೋದರೆ ಪೂರ್ತಿ ಹತ್ತು ಕಿಲೋ ಒಮ್ಮೆಲೇ ದಾರದ ಮೇಲೆ ಬಂದು ನಿಲ್ಲುತ್ತದೆ. ದಂಡೆಯ ತನಕ ಬಂದ ಮೀನುಗಳು ಅಲ್ಲಿಯೇ ತಪ್ಪಿಹೋಗುವುದಕ್ಕೆ ಇದೊಂದು ದೊಡ್ಡ ಕಾರಣ. ಆದುದರಿಂದ ದೊಡ್ಡ ಮೀನಿಗೆ ಹೊರಟವನು ಕೋಲಿಗಿಂತ ಮೊದಲು ಅಗಲ ಬಾಯಿಯ ಕೈಬಲೆಯೊಂದನ್ನು ಸಿದ್ಧಮಾಡಿಕೊಳ್ಳಬೇಕು.

ಎರಡನೆಯದು ದಾರ. ಸೆಣಬು, ಹತ್ತಿ, ರೇಷ್ಮೆಗಳ ಹುರಿಯಿಂದ ಮೀನು ಹಿಡಿಯುತ್ತಿದ್ದ ಲೋಕಕ್ಕೆ 1935ರಲ್ಲಿ ಕಂಡುಹಿಡಿಯಲಾದ ನೈಲಾನು ಹೊಸ ದಾರಿಯನ್ನು ತೋರಿತು. ಒಂಟಿ ಎಳೆಯ ನೈಲಾನ್ ದಾರ ಅರ್ಧ ಮಿಲಿಮೀಟರ್ ದಪ್ಪವಿದ್ದರೆ ಸುಮಾರು ಹದಿನೈದು ಕಿಲೋ ತಾಳುತ್ತದೆ. ಅದು ಹಿಗ್ಗುವ ಗುಣದ್ದು. ಮೀನಿನ ಹಠಾತ್ ಜಗ್ಗನ್ನು ತಾನೇ ನುಂಗಿಕೊಳ್ಳುತ್ತದೆ, ಕಲ್ಲಿನ ತಿಕ್ಕನ್ನೂ ತಕ್ಕಮಟ್ಟಿಗೆ ಸಹಿಸುತ್ತದೆ. ಈಗ ಅಂಗಡಿಗಳಲ್ಲಿ ಸಿಗುವ ಹೆಣೆದ ದಾರ ಅದೇ ದಪ್ಪದಲ್ಲಿ ಎರಡು ಪಟ್ಟಿಗೂ ಹೆಚ್ಚು ಬಲವುಳ್ಳದ್ದು ನಿಜ. ಆದರೆ ಅದು ಹಿಗ್ಗುವುದಿಲ್ಲ, ಚೂಪು ಕಲ್ಲಿಗೆ ತಾಗಿದರೆ ಬೇಗ ಹರಿಯುತ್ತದೆ, ಬರಿಗೈಯನ್ನು ಚೂರಿಯಂತೆ ಕೊಯ್ಯುತ್ತದೆ. ಕರಿಗಲ್ಲಿನ ಮಡುಗಳುಳ್ಳ ನಮ್ಮ ಹೊಳೆಗೆ, ಹೊಸದಾಗಿ ಕಲಿಯುವವನಿಗೆ, ಅರ್ಧ ಮಿಲಿಮೀಟರಿನ ನೈಲಾನೇ ಲೇಸು.

ಸುರುಳಿಯ ಚೀಟಿಯ ಮೇಲೆ ಬರೆದ ಬಲವನ್ನು ಮಾತ್ರ ಹಾಗೆಯೇ ನಂಬಬಾರದು. ನಮ್ಮ ಶನಿವಾರದ ಪಾಠದಲ್ಲಿ ದಾರವನ್ನು ಬೇವಿನ ಕೊಂಬೆಗೆ ಕಟ್ಟಿ, ಅದರ ತುದಿಗೆ ಬಕೆಟ್ಟನ್ನು ನೆಲದಿಂದ ನಾಲ್ಕು ಬೆರಳು ಮೇಲೆ ತೂಗಹಾಕುತ್ತೇವೆ. ಮಕ್ಕಳು ಲೀಟರಿನ ಅಳತೆಯಿಂದ ನೀರು ಸುರಿಯುತ್ತ ಹೋಗುತ್ತಾರೆ. ಒಂದು ಲೀಟರ್ ನೀರು ಒಂದು ಕಿಲೋ. ಬಕೆಟ್ಟಿನ ತೂಕವನ್ನು ಅದಕ್ಕೆ ಕೂಡಿಸಬೇಕು. ದಾರ ಹರಿದಾಗ ಎಲ್ಲರೂ ನೋಡುವುದು ಎಲ್ಲಿ ಹರಿಯಿತೆಂಬುದನ್ನು. ಬಹುತೇಕ ಪ್ರತಿ ಸಲವೂ ಅದು ಗಂಟಿನ ಬಳಿಯೇ ಹರಿದಿರುತ್ತದೆ. ಒಣ ದಾರವನ್ನು ಬಿರುಸಾಗಿ ಎಳೆದು ಬಿಗಿದ ಗಂಟು ಬೇಗ ಸೋಲುತ್ತದೆ. ನೀರು ತಾಗಿಸಿ ನಿಧಾನವಾಗಿ ಬಿಗಿದ ಗಂಟು ಹೆಚ್ಚು ತಾಳುತ್ತದೆ. ವರ್ಷವಿಡೀ ಬಿಸಿಲಿಗೆ ಬಿದ್ದ ಹಳೆಯ ದಾರವಂತೂ ಅರ್ಧ ಬಕೆಟ್ಟಿಗೇ ಕೈಕೊಡುವುದುಂಟು. ಹೀಗೆ ಕಣ್ಣಾರೆ ಕಂಡದ್ದನ್ನು ಮಕ್ಕಳು ಮರೆಯುವುದಿಲ್ಲ.

ಮೂರನೆಯದು ರೀಲು. ಕೈಗೆ ಸುತ್ತುವ ಬದಲು ದಾರವನ್ನು ಉರುಳೆಗೆ ಸುತ್ತಿದರೆ ಮನುಷ್ಯನ ಮಾಂಸ ಪಾರಾಗುತ್ತದೆ. ಇದೊಂದೇ ಗುಣ ಸಾಕು, ರೀಲಿಗೆ ಹಾಕಿದ ಹಣ ದಂಡವಲ್ಲವೆನ್ನಲು. ಅಮೆರಿಕದ ಮಿಸಿಸಿಪಿ ನದಿಯ ಬಯಲಿನಲ್ಲಿ ನಮ್ಮ ಬಾಳೆಯ ನಡತೆಯನ್ನೇ ಹೋಲುವ, ಚಪ್ಪಟೆ ತಲೆಯ ಮೀಸೆಯ ಮೀನೊಂದಿದೆ. ಅದೂ ಮುಳುಗಿದ ಮರಗಳ ಮರೆಯಲ್ಲಿದ್ದು ರಾತ್ರಿ ಬೇಟೆಯಾಡುವಂಥದು, ಜೀವಂತ ಮೀನನ್ನೇ ಹೆಚ್ಚಾಗಿ ಬಯಸುವಂಥದು. 1998ರಲ್ಲಿ ಕ್ಯಾನ್ಸಸ್ ರಾಜ್ಯದ ಎಲ್ಕ್ ಸಿಟಿ ಜಲಾಶಯದಲ್ಲಿ ಅಂಥದೊಂದು ಮೀನು ಕೋಲು ಮತ್ತು ರೀಲಿನಿಂದಲೇ ದಂಡೆಗೆ ಬಂದಿತು. ಅದರ ತೂಕ 123 ಪೌಂಡು, ಎಂದರೆ ಸುಮಾರು 56 ಕಿಲೋ. ಆ ಮೀನನ್ನು ಅರಸಿ ಹೋಗುವವರು ಅಡ್ಡ ಉರುಳೆಯ, ದುಂಡನೆಯ ಗಟ್ಟಿ ರೀಲನ್ನು ಹೆಚ್ಚಾಗಿ ಆರಿಸುತ್ತಾರೆ. ಅದಕ್ಕೆ ಎರಡು ಕಾರಣಗಳಿವೆ. ಅದರ ಹಲ್ಲುಚಕ್ರಗಳು ಭಾರ ತಾಳುತ್ತವೆ. ಅದರಲ್ಲಿರುವ ಕಿರ್‌ಗುಟ್ಟುವ ಕೀಲು ಕತ್ತಲೆಯಲ್ಲಿ ಮೀನು ದಾರ ಎಳೆದ ಕೂಡಲೇ ಕೂಗಿ ಹೇಳುತ್ತದೆ. ಎಸೆಯಲು ಸುಲಭವಾದ ನಿಂತ ಉರುಳೆಯ ರೀಲು ಕಿರುಮೀನುಗಳಿಗೆ ಸಾಕು. ಕಲ್ಲಿನ ಸಂದಿಗೆ ನುಗ್ಗುವ ಬಾಳೆಗೆ ದುಂಡು ರೀಲೇ ತಕ್ಕದ್ದು. ಅದರಲ್ಲಿ ಅರ್ಧ ಮಿಲಿಮೀಟರಿನ ದಾರ ಕನಿಷ್ಠ ನೂರೈವತ್ತು ಮೀಟರ್ ಹಿಡಿಯಬೇಕು.

ರೀಲಿನ ಪ್ರಾಣವಿರುವುದು ಅದರ ಬಿಗಿತದ ತಿರುಪಿನಲ್ಲಿ. ಅಂಗಡಿಯವರು ಅದನ್ನು ‘ಡ್ರ್ಯಾಗ್’ ಎನ್ನುತ್ತಾರೆ. ಮೀನಿನ ಎಳೆತ ಒಂದು ಮಿತಿಯನ್ನು ಮೀರಿದೊಡನೆ ಅದು ಉರುಳೆಯನ್ನು ಜಾರಗೊಟ್ಟು ದಾರವನ್ನು ಬಿಟ್ಟುಕೊಡುತ್ತದೆ. ಆ ಮಿತಿ ದಾರದ ಬಲದ ಕಾಲು ಭಾಗದಷ್ಟಿದ್ದರೆ ಒಳ್ಳೆಯದು. ಹದಿನೈದು ಕಿಲೋ ದಾರಕ್ಕೆ ನಾಲ್ಕು ಕಿಲೋ. ಕೋಲನ್ನು ಎತ್ತಿ ಹಿಡಿದು, ದಾರದ ತುದಿಗೆ ಒಟ್ಟು ನಾಲ್ಕು ಕಿಲೋ ತೂಗುವಂತೆ ನೀರು ತುಂಬಿದ ಬಕೆಟ್ಟನ್ನು ಕಟ್ಟಿ, ಅದು ನಿಧಾನವಾಗಿ ಕೆಳಗಿಳಿಯುವಂತೆ ತಿರುಪನ್ನು ಹೊಂದಿಸಿದರಾಯಿತು. ಇಷ್ಟು ಕಡಿಮೆ ಏಕೆಂದು ಮಕ್ಕಳು ಕೇಳುತ್ತಾರೆ. ದಾರ ಹೊರಹೋದಂತೆ ಉರುಳೆಯ ಮೇಲಿನ ಸುತ್ತಿನ ವ್ಯಾಸ ಇಳಿಯುತ್ತದೆ. ವ್ಯಾಸ ಅರ್ಧಕ್ಕೆ ಇಳಿದರೆ, ತಿರುಪನ್ನು ಯಾರೂ ಮುಟ್ಟದಿದ್ದರೂ, ದಾರ ಜಾರಲು ಎರಡು ಪಟ್ಟು ಎಳೆತ ಬೇಕಾಗುತ್ತದೆ. ನಾಲ್ಕು ಕಿಲೋ ಎಂಟಾಗುತ್ತದೆ. ಗಂಟಿನ ದೌರ್ಬಲ್ಯವನ್ನೂ ಕಲ್ಲಿನ ತಿಕ್ಕನ್ನೂ ಕಳೆದು ನೋಡಿದರೆ ಕಾಲು ಭಾಗವೆಂಬುದು ಅಂಜುಬುರುಕರ ಲೆಕ್ಕವಲ್ಲ, ವಿವೇಕಿಗಳ ಲೆಕ್ಕ.

ನಾಲ್ಕನೆಯದು ಕೋಲು. ಗಟ್ಟಿ ಮೀನಿಗೆ ಬಗ್ಗದ ಕೋಲು ಬೇಕೆಂಬುದು ಸಾಮಾನ್ಯರ ಎಣಿಕೆ. ಸನ್ನೆಯ ಸೂತ್ರ ಬೇರೆ ಹೇಳುತ್ತದೆ. ಎಂಟು ಅಡಿಯ ಕೋಲಿನ ಬುಡವನ್ನು ಸೊಂಟಕ್ಕೆ ಊರಿ, ಎರಡು ಅಡಿ ಮೇಲೆ ಮುಂಗೈಯಿಂದ ಹಿಡಿದೆವೆನ್ನಿ. ತುದಿಯಲ್ಲಿ ಮೀನು ಅಡ್ಡಲಾಗಿ ಮೂರು ಕಿಲೋ ಬಲದಿಂದ ಎಳೆದರೆ ಮುಂಗೈ ಹನ್ನೆರಡು ಕಿಲೋ ಬಲವನ್ನು ಕೊಡಬೇಕು. ಕೋಲು ಬಗ್ಗಿದಾಗ ತುದಿ ನಮ್ಮತ್ತ ಸಮೀಪಿಸಿ ಸನ್ನೆಯ ತೋಳು ಗಿಡ್ಡವಾಗುತ್ತದೆ, ಕೈಯ ಹೊರೆ ಇಳಿಯುತ್ತದೆ. ಹೀಗೆ ಬಗ್ಗದ ಕೋಲು ಮನುಷ್ಯನನ್ನು ದಣಿಸುತ್ತದೆ, ಬಗ್ಗುವ ಕೋಲು ಮೀನನ್ನು ದಣಿಸುತ್ತದೆ. ಏಳರಿಂದ ಎಂಟು ಅಡಿಯ, ಬುಡ ಗಟ್ಟಿಯಾಗಿ ತುದಿ ಮೆತ್ತಗಿರುವ ಫೈಬರ್ ಗ್ಲಾಸಿನ ಕೋಲು ಈ ಕೆಲಸಕ್ಕೆ ಹೇಳಿಸಿದಂತಿದೆ. ಕಾರ್ಬನ್ನಿನ ಕೋಲು ಹಗುರ, ಆದರೆ ಬಂಡೆಗೆ ಬಡಿದು ಪೆಟ್ಟು ತಿಂದರೆ ಮುಂದೆ ಭಾರ ಬಿದ್ದಾಗ ಫಟ್ಟನೆ ಮುರಿದೀತು.

ಕೊನೆಗೆ ಕೊಕ್ಕೆ. ಬಾಳೆಯ ಹಲ್ಲು ದಾರವನ್ನು ತಿಕ್ಕಿ ಸವೆಸುವುದರಿಂದ ಕೊಕ್ಕೆಯ ಮೇಲೆ ಒಂದು ಗೇಣು ತಂತಿಯನ್ನೋ ಒಂದು ಮಿಲಿಮೀಟರಿನ ದಪ್ಪ ನೈಲಾನನ್ನೋ ಜೋಡಿಸಬೇಕು. ಮೊನೆ ಒಳಮುಖವಾಗಿ ಬಾಗಿದ ದುಂಡು ಕೊಕ್ಕೆ ಹೆಚ್ಚಾಗಿ ಬಾಯ ಮೂಲೆಯಲ್ಲಿಯೇ ನಾಟುತ್ತದೆ, ಹೊಟ್ಟೆಗೆ ಇಳಿಯುವುದು ಕಡಿಮೆ. ಇದರಲ್ಲಿ ಜೋರಾಗಿ ಜಗ್ಗಿ ಹೊಡೆಯಬಾರದು. ದಾರ ಬಿಗಿಯಾದ ಮೇಲೆ ನಿಧಾನವಾಗಿ ಸುತ್ತಿದರೆ ಸಾಕು.

ಇಷ್ಟೆಲ್ಲ ಲೆಕ್ಕ ಮೀನಿನ ಆಸೆಗಾಗಿ ಮಾತ್ರವೇ ಎಂದು ಕೆಲವರು ಕೇಳಿದ್ದಾರೆ. ನಮ್ಮೂರಿನ ಅಂಬಿಗರ ಹಿರಿಯರೊಬ್ಬರು ಆ ಪ್ರಶ್ನೆಗೆ ನನಗಿಂತ ಚೆನ್ನಾಗಿ ಉತ್ತರ ಹೇಳಿದರು. ಒಂದು ಸಂಜೆ, “ಮುತ್ಯಾ, ಎಷ್ಟು ಮೀನು ತಪ್ಪಿಸಿಕೊಂಡಿರಬಹುದು ನಿಮ್ಮ ಕೈಯಿಂದ?” ಎಂದು ಕೇಳಿದೆ. ಅವರು ನೀರನ್ನು ನೋಡುತ್ತಲೇ, “ಹ್ವಾದ ಮೀನಿಗೆ ಅಳಬಾರದ್ರೀ ಗುರುಗಳ. ಬಾಯಾಗ ಕೊಕ್ಕಿ ಇಟಗೊಂಡು ಹ್ವಾದ ಮೀನಿಗೆ ಅಳಬೇಕ್ರೀ” ಎಂದರು. ಹರಿದ ದಾರದ ಹಿಂದೆ ಇಂಥದೊಂದು ಸಂಕಟವಿದೆ. ಸಿಕ್ಕಿಕೊಂಡ ಕೊಕ್ಕೆಯಿಂದ ಉಣ್ಣಲಾರದೆ ಸೊರಗುವ ಮೀನು ಯಾರ ಅಡುಗೆಗೂ ಬಾರದು, ಮರಿಯನ್ನೂ ಮಾಡದು. ಬಾಳೆಯನ್ನು ಪ್ರಕೃತಿ ಸಂರಕ್ಷಣೆಯ ಅಂತಾರಾಷ್ಟ್ರೀಯ ಒಕ್ಕೂಟವು ಅಳಿವಿನ ಭೀತಿಯುಳ್ಳ ಮೀನುಗಳ ಪಟ್ಟಿಯಲ್ಲಿ ಸೇರಿಸಿದೆ. ಮುಂಗಾರಿನ ಹೊಸ ನೀರು ಬಂದಾಗ ಅದು ಮೊಟ್ಟೆಯಿಡಲು ದಂಡೆಯ ತೆಳುನೀರಿಗೆ ಬರುತ್ತದೆ. ಆ ದಿನಗಳಲ್ಲಿ ಗಾಳವನ್ನು ಅಟ್ಟಕ್ಕೆ ಏರಿಸುವುದೇ ಧರ್ಮ. ಉಳಿದ ದಿನಗಳಲ್ಲಿಯೂ ಮೀನುಗಾರರ ಸಹಕಾರಿ ಸಂಘದ ಒಪ್ಪಿಗೆ ಪಡೆದೇ ನೀರಿಗೆ ಗಾಳ ಹಾಕಬೇಕು. ಹೊಳೆ ಅವರ ಹೊಟ್ಟೆಪಾಡು.

ತಂದೆತಾಯಿಗಳಲ್ಲಿ ನನ್ನ ಬಿನ್ನಹ ಇಷ್ಟೇ. ಹುಡುಗ ಗಾಳ ಬೇಡಿದರೆ ಗದರಬೇಡಿರಿ. ಗದರಿದರೆ ಅವನು ಕದ್ದು ಹೋಗುತ್ತಾನೆ, ಕೈಗೆ ದಾರ ಸುತ್ತಿಕೊಂಡು ಒಬ್ಬನೇ ಕತ್ತಲೆಯಲ್ಲಿ ಕೂಡುತ್ತಾನೆ. ಮೇಲಿನಿಂದ ನೀರು ಬಿಟ್ಟಾಗ ಹೊಳೆ ಏರುವುದು ಅವನಿಗೆ ತಿಳಿಯಲಾರದು. ದೊಡ್ಡವರೊಬ್ಬರು ಜೊತೆಯಲ್ಲಿರಲಿ, ಸೊಂಟದಲ್ಲೊಂದು ಚೂರಿಯಿರಲಿ, ದಾರ ಎಂದೂ ಕೈಗೆ ಸುತ್ತದಿರಲಿ. ಕೋಲು, ರೀಲುಗಳನ್ನು ಆಮೇಲೆ ಕೊಡಿಸಿರಿ. ಮೊದಲು ಒಂದು ಬಕೆಟ್ಟು, ಒಂದು ಲೀಟರಿನ ಅಳತೆ, ಹತ್ತು ಮಾರು ದಾರ ಕೊಟ್ಟು ಅಂಗಳದ ಮರದ ಕೆಳಗೆ ನಿಲ್ಲಿಸಿರಿ. ಎಷ್ಟು ಭಾರಕ್ಕೆ ದಾರ ಹರಿಯುತ್ತದೆಂದು ಬಲ್ಲ ಹುಡುಗನಿಗೆ ಎಲ್ಲಿ ಬಿಟ್ಟುಕೊಡಬೇಕೆಂಬುದೂ ತಿಳಿದಿರುತ್ತದೆ.