ಗೋಡೆಯ ಮೇಲಣ ಕತ್ತಿ

ಕಳೆದ ವರುಷದ ಆಯುಧಪೂಜೆಯ ದಿನ ನಮ್ಮ ಮನೆಯವರಲ್ಲಿ ಒಂದು ಸಣ್ಣ ವ್ಯಾಜ್ಯವು ಹುಟ್ಟಿತು. ನನ್ನ ತಮ್ಮನ ಮಗನು ದೇವನಹಳ್ಳಿಯ ಹೊರವಲಯದಲ್ಲಿ ಹೊಸದಾಗಿ ಮನೆ ಕಟ್ಟಿಸಿರುವನಾದುದರಿಂದ ಹಬ್ಬಕ್ಕೆ ನಾವೆಲ್ಲರೂ ಅಲ್ಲಿಯೇ ಕೂಡಿದ್ದೆವು. ನನ್ನ ಅಕ್ಕನು ಅರಿಸಿನ ಕುಂಕುಮದ ತಟ್ಟೆಯನ್ನು ಹಿಡಿದು, ಕಾರು, ಸ್ಕೂಟರು, ಈಳಿಗೆಮಣೆ, ಮಚ್ಚು, ಹೊಲಿಗೆಯ ಯಂತ್ರ, ಕಂಪ್ಯೂಟರು ಎಲ್ಲಕ್ಕೂ ಬೊಟ್ಟಿಡುತ್ತ ಬಂದು, ನಡುಮನೆಯ ಗೋಡೆಯೆದುರು ಥಟ್ಟನೆ ನಿಂತಳು. ಅಲ್ಲಿ ಮರದ ಪೀಠದ ಮೇಲೆ ಒಂದು ಜಪಾನೀ ಕತ್ತಿಯು ಮಲಗಿದ್ದಿತು.

“ಇದಕ್ಕೂ ಕುಂಕುಮ ಇಡಬೇಕೇನೋ?” ಎಂದಳು.

“ಬೇಡ ಅತ್ತೆ, ಅದು ಆಯುಧವಲ್ಲ, ಅಲಂಕಾರ” ಎಂದನು ಹುಡುಗ. ನಲವತ್ತು ದಾಟಿದ್ದರೂ ನಮಗೆ ಅವನು ಹುಡುಗನೇ.

“ಆಯುಧವಲ್ಲದಿದ್ದರೆ ಕತ್ತಿಯ ವೇಷವನ್ನು ಯಾಕೆ ಹಾಕಿದೆ?” ಎಂದು ಅಕ್ಕನು ಕೇಳಿದಳು. ಮೂವತ್ತು ವರ್ಷ ಮಕ್ಕಳಿಗೆ ಪಾಠ ಹೇಳಿದವನೆಂಬ ಕಾರಣದಿಂದ ತೀರ್ಪು ನನ್ನ ಪಾಲಿಗೆ ಬಂದಿತು. ನಾನು ಕನ್ನಡಕವನ್ನು ಹಾಕಿಕೊಂಡು ಎದ್ದು ಹೋಗಿ ಕತ್ತಿಯನ್ನು ನೋಡಿದೆನು.

ಸುಂದರವಾದ ವಸ್ತುವೆಂಬುದರಲ್ಲಿ ಸಂದೇಹವಿಲ್ಲ. ಕನ್ನಡಿಯಂತೆ ಹೊಳೆಯುವ ಕರಿಯ ಒರೆ. ಅಡ್ಡಡ್ಡವಾಗಿ ದಾರ ಸುತ್ತಿದ ಉದ್ದನೆಯ ಹಿಡಿ. ಹಿಡಿಗೂ ಅಲಗಿಗೂ ನಡುವೆ ಹೂ ಕೊರೆದ ದುಂಡು ತಟ್ಟೆ. ಅಲಗಿನ ಬಾಯಿಯ ಉದ್ದಕ್ಕೂ ಅಲೆಯಲೆಯಾಗಿ ಬೆಳ್ಳನೆಯ ಒಂದು ಗೆರೆ. ಹುಡುಗನು ಈ ವಿಷಯವಾಗಿ ಸಾಕಷ್ಟು ಓದಿಕೊಂಡಿದ್ದನು. ನಿಜವಾದ ಜಪಾನೀ ಕತ್ತಿಯಲ್ಲಿ ಆ ಗೆರೆಯನ್ನು ಯಾರೂ ಬರೆಯುವುದಿಲ್ಲವಂತೆ. ಕಮ್ಮಾರನು ಅಲಗಿನ ಬೆನ್ನಿಗೆ ದಪ್ಪವಾಗಿಯೂ ಬಾಯಿಗೆ ತೆಳ್ಳಗೂ ಜೇಡಿಮಣ್ಣನ್ನು ಬಳಿದು, ಕೆಂಪಗೆ ಕಾಯಿಸಿ, ನೀರಿನಲ್ಲಿ ಅದ್ದುತ್ತಾನೆ. ತೆಳ್ಳನೆಯ ಮಣ್ಣಿನ ಕಡೆ ಬೇಗ ತಣಿದು ಗಡುಸಾಗುತ್ತದೆ. ದಪ್ಪ ಮಣ್ಣಿನ ಕಡೆ ನಿಧಾನವಾಗಿ ತಣಿದು ಮೆದುವಾಗಿ ಉಳಿಯುತ್ತದೆ. ಗಡುಸಿಗೂ ಮೆದುವಿಗೂ ನಡುವಣ ಎಲ್ಲೆಯೇ ಆ ಗೆರೆ. ಕತ್ತಿಯು ಬಿಲ್ಲಿನಂತೆ ಬಾಗುವುದು ಕೂಡ ಆ ಒಂದು ಮುಳುಗಿನಲ್ಲಿಯೇ.

“ಇದರಲ್ಲಿ?” ಎಂದೆನು.

“ಇದರಲ್ಲಿ ಆಮ್ಲದಿಂದ ಬರೆದದ್ದು, ದೊಡ್ಡಪ್ಪ” ಎಂದು ಅವನು ನಾಚದೆ ಒಪ್ಪಿಕೊಂಡನು. ಅಲಗು ತುಕ್ಕು ಹಿಡಿಯದ ಸ್ಟೀಲಿನದು. ಅದರ ಬಾಯಿಗೆ ಬಾಳೆಯೆಲೆಯನ್ನು ಸೀಳುವ ಶಕ್ತಿಯೂ ಇಲ್ಲ. ಹಿಡಿಯೊಳಗೆ ಹೊಗುವ ಅದರ ಬಾಲವು ಪೆನ್ಸಿಲ್ಲಿನಷ್ಟು ಸಣ್ಣದಾದುದರಿಂದ ಬಲವಾಗಿ ಬೀಸಿದರೆ ಅಲಗು ಕಳಚಿ ಹಾರುವುದುಂಟು. ಎದುರಿನ ಶತ್ರುವಿಗಿಂತ ನೆಂಟರಿಗೇ ಅಪಾಯ ಹೆಚ್ಚು. ಇಂತಹವು ಬಹುವಾಗಿ ತಯಾರಾಗುವುದು ಜಪಾನಿನಲ್ಲಿಯೂ ಅಲ್ಲ, ಚೀನಾದ ಲೊಂಗ್‌ಚುವಾನ್ ಎಂಬ ಊರಿನಲ್ಲಿ. ಆ ಊರಿಗೆ ಕತ್ತಿಯ ಕಸುಬು ಪುರಾತನವಾದುದು.

ಹಾಗೆಂದು ಅಲಂಕಾರದ ಕತ್ತಿಯನ್ನು ಹೀಗಳೆಯಲು ನನಗೆ ಮನಸ್ಸಿಲ್ಲ. ಜಪಾನಿನಲ್ಲಿಯೇ ನಿಜವಾದ ಕತ್ತಿಯು ಸೊಂಟದಿಂದ ಇಳಿದು ಬಹುಕಾಲವಾಯಿತು. 1876ರಲ್ಲಿ ಅಲ್ಲಿಯ ಸರಕಾರವು ಸಮುರಾಯಿಗಳು ಕತ್ತಿ ಧರಿಸಿ ತಿರುಗುವುದನ್ನು ನಿಷೇಧಿಸಿತು. 1945ರ ಸೋಲಿನ ಮೇಲೆ ಗೆದ್ದವರು ಕತ್ತಿಗಳನ್ನು ರಾಶಿರಾಶಿಯಾಗಿ ಕಿತ್ತುಕೊಂಡು ಹಾಳುಮಾಡಿದರು; ಇವು ಆಯುಧಗಳಲ್ಲ, ಕಲಾವಸ್ತುಗಳು ಎಂದು ಬಲ್ಲವರು ವಾದಿಸಿ ಉಳಿದವನ್ನು ಉಳಿಸಿಕೊಂಡರು. ಇಂದು ಅಲ್ಲಿ ಐದು ವರ್ಷ ಗುರುವಿನ ಕೈಕೆಳಗೆ ದುಡಿದು ಅಪ್ಪಣೆ ಪಡೆದವನೇ ಕತ್ತಿಯನ್ನು ಮಾಡಬೇಕು. ಅವನಾದರೂ ತಿಂಗಳಿಗೆ ಎರಡು ಉದ್ದ ಕತ್ತಿಗಳಿಗಿಂತ ಹೆಚ್ಚು ಮಾಡಕೂಡದು. ಶಿಮಾನೆ ಎಂಬ ಸೀಮೆಯಲ್ಲಿ ಚಳಿಗಾಲ ಬಂದಿತೆಂದರೆ ಮಣ್ಣಿನ ಕುಲುಮೆಯನ್ನು ಕಟ್ಟಿ, ಕಬ್ಬಿಣದ ಮರಳನ್ನೂ ಇದ್ದಲನ್ನೂ ಮೂರು ಹಗಲು ಮೂರು ರಾತ್ರಿ ಉರಿಸಿ ಈ ಕತ್ತಿಗಳಿಗಾಗಿ ಉಕ್ಕನ್ನು ತೆಗೆಯುತ್ತಾರೆ. ಇಷ್ಟೆಲ್ಲ ಮಾಡಿ ಹುಟ್ಟಿದ ಕತ್ತಿಯು ಯಾರನ್ನೂ ಕಡಿಯುವುದಿಲ್ಲ. ಸಂಗ್ರಹಕಾರನೊಬ್ಬನು ಅದನ್ನು ರೇಷ್ಮೆಯ ಚೀಲದಲ್ಲಿಟ್ಟು, ಆಗಾಗ ತೆಗೆದು ಎಣ್ಣೆ ಸವರಿ, ಬೆಳಕಿಗೆ ಹಿಡಿದು ನೋಡಿ ಸಂತೋಷಪಡುತ್ತಾನೆ. ಅದೂ ಅಲಂಕಾರವೇ.

ಹುಡುಗನು ಇದನ್ನೆಲ್ಲ ಹೇಳುತ್ತಿರುವಾಗ ನನ್ನ ಮನಸ್ಸು ಉಕ್ಕು ಎಂಬ ಮಾತಿನಲ್ಲಿಯೇ ಸಿಕ್ಕಿಕೊಂಡಿದ್ದಿತು. ಯೂರೋಪಿನ ಪುಸ್ತಕಗಳಲ್ಲಿ ನಮ್ಮ ದೇಶದ ಉಕ್ಕಿಗೆ ‘ವೂಟ್ಸ್’ ಎಂದು ಹೆಸರು. ಅದು ನಮ್ಮ ‘ಉಕ್ಕು’ ಎಂಬ ಪದವೇ ಪರದೇಶಿಯರ ಕಿವಿಯಲ್ಲಿ ಕೆಟ್ಟು ಆದುದೆಂದು ಬಲ್ಲವರಲ್ಲಿ ಅನೇಕರ ಅಭಿಪ್ರಾಯ. 1800ರಲ್ಲಿ ಮೈಸೂರು ಸೀಮೆಯನ್ನು ಸುತ್ತಿದ ಬುಕನನ್ ಎಂಬ ವೈದ್ಯನು ಅದನ್ನು ಮಾಡುವ ಬಗೆಯನ್ನು ಕಂಡು ಬರೆದಿಟ್ಟಿದ್ದಾನೆ. ಹಸಿಮಣ್ಣಿನ ಮೂಸೆಯೊಳಗೆ ಕಬ್ಬಿಣದ ತುಂಡು, ಅದರೊಡನೆ ಆವರಿಕೆಯ ಕಡ್ಡಿ, ಮೇಲೆ ಹಸಿಯ ಎಲೆ. ಮೂಸೆಯ ಬಾಯಿಯನ್ನು ಮಣ್ಣಿನಿಂದ ಮುಚ್ಚಿ, ಇದ್ದಲಿನಲ್ಲಿ ಹೂತು, ತಿದಿಯೊತ್ತುವುದು. ಕಡ್ಡಿಯಲ್ಲಿಯ ಇಂಗಾಲವು ಕಬ್ಬಿಣದೊಳಗೆ ಇಳಿದು ಅದನ್ನು ಉಕ್ಕಾಗಿಸುತ್ತಿತ್ತು. ದೇವನಹಳ್ಳಿಯಿಂದ ದೊಡ್ಡಬಳ್ಳಾಪುರಕ್ಕೆ ಹೋಗುವಾಗ ಹೊಲದ ಬದುಗಳಲ್ಲಿ ಹಳದಿಯ ಹೂ ತಳೆದು ನಿಂತಿರುವ ಆವರಿಕೆ! ಬಾಲ್ಯದಲ್ಲಿ ನಾವು ಅದರ ಎಲೆಯನ್ನು ತಲೆಗೆ ಕಟ್ಟಿಕೊಂಡು ಬಿಸಿಲಿನಲ್ಲಿ ತಿರುಗುತ್ತಿದ್ದೆವು. ಅದರಲ್ಲಿ ಇಂತಹ ಪ್ರತಾಪವುಂಟೆಂದು ಯಾರಿಗೆ ಗೊತ್ತಿದ್ದಿತು? ಆ ಉಕ್ಕಿನ ಗುಟ್ಟನ್ನು ಹಿಡಿಯಲು 1819ರಿಂದ ಕೆಲವು ವರ್ಷ ಫ್ಯಾರಡೆಯಂತಹ ವಿಜ್ಞಾನಿಯು ಲಂಡನ್ನಿನಲ್ಲಿ ಬೆವರು ಸುರಿಸಿದನು. ಜಪಾನಿನವರು ಕುಲುಮೆಯನ್ನು ಆರಲು ಬಿಟ್ಟರೂ ಮತ್ತೆ ಹೊತ್ತಿಸಿದರು. ನಮ್ಮಲ್ಲಿ ಮೂಸೆ ಹೂಡುವ ಮನೆತನಗಳೇ ಅಳಿದುಹೋದವು.

ನಮ್ಮೂರಿಗೂ ಕತ್ತಿಗೂ ನಂಟು ಬಿಡದು. 1749ರಲ್ಲಿ ದೇವನಹಳ್ಳಿಯ ಮುತ್ತಿಗೆಯಲ್ಲಿಯೇ ಹೈದರನು ಮೊದಲು ಹೆಸರು ಪಡೆದನು. ಅವನ ಮಗ ಟಿಪ್ಪುವು ಹುಟ್ಟಿದುದೂ ಇಲ್ಲಿಯೇ. 1791ರಲ್ಲಿ ಕಾರ್ನ್‌ವಾಲಿಸನು ಈ ಕೋಟೆಯನ್ನು ಹಿಡಿದನು. ಶ್ರೀರಂಗಪಟ್ಟಣವು 1799ರ ಮೇ 4ರಂದು ಬಿದ್ದ ಬಳಿಕ ಸುಲ್ತಾನನ ಖಾಸಾ ಕೋಣೆಯಲ್ಲಿ ಸಿಕ್ಕಿದುದೆಂದು ಹೇಳುವ ಒಂದು ಕತ್ತಿಯನ್ನು ಸೇನಾನಿ ಬೇರ್ಡನಿಗೆ ಉಡುಗೊರೆಯಾಗಿ ಕೊಟ್ಟರು. ಅದು 2023ರ ಮೇ ತಿಂಗಳಲ್ಲಿ ಲಂಡನ್ನಿನ ಹರಾಜಿನಲ್ಲಿ 1 ಕೋಟಿ 40 ಲಕ್ಷ ಪೌಂಡಿಗೆ, ಎಂದರೆ ನಮ್ಮ ಲೆಕ್ಕದಲ್ಲಿ 140 ಕೋಟಿ ರೂಪಾಯಿಗೂ ಮೇಲಾಗಿ, ಮಾರಾಟವಾಯಿತು. ಆ ಹರಾಜಿನವರ ವಿವರಣೆಯಲ್ಲಿ ಒಂದು ಮಾತು ನನಗೆ ಬಹಳ ಹಿಡಿಸಿತು: ಆ ಅಲಗನ್ನು ಮೊಗಲ ಕಮ್ಮಾರರು ಮಾಡಿದರಾದರೂ ಮಾದರಿಯು 16ನೆಯ ಶತಮಾನದಲ್ಲಿ ಇಲ್ಲಿಗೆ ಬಂದ ಜರ್ಮನ್ ಅಲಗುಗಳದಂತೆ. ಸುಲ್ತಾನನ ಕತ್ತಿಯೇ ಪರದೇಶದ ಮಾದರಿಯನ್ನು ನೋಡಿ ಮಾಡಿದುದಾದರೆ, ಹುಡುಗನು ಜಪಾನಿನ ಮಾದರಿಯನ್ನು ತಂದು ಗೋಡೆಗೆ ಏರಿಸಿದುದರಲ್ಲಿ ತಪ್ಪೇನು? ಹೀಗೆಂದು ತೀರ್ಪು ಕೊಟ್ಟು ಕುಳಿತುಕೊಳ್ಳೋಣವೆಂದಿದ್ದೆನು.

ಅಷ್ಟರಲ್ಲಿ ಹುಡುಗನ ಮಗಳು, ಎಂಟು ವರ್ಷದವಳು, “ಅಪ್ಪಾ, ಇದು ನಮ್ಮ ತಾತಂದಿರ ಕತ್ತಿಯೇ?” ಎಂದು ಕೇಳಿದಳು.

“ಅಲ್ಲ ಪುಟ್ಟಿ. ನಮ್ಮ ಮನೆತನದ ಕತ್ತಿ ಬೆಂಗಳೂರಿನ ಮ್ಯೂಸಿಯಮ್ಮಿನಲ್ಲಿ ಇದೆ. ದೊಡ್ಡತಾತ ಕೊಟ್ಟರು. ಈ ರಜದಲ್ಲಿ ಕರೆದುಕೊಂಡು ಹೋಗಿ ತೋರಿಸುತ್ತೇನೆ” ಎಂದನು.

ವಾಚಕರಿಗೆ ಇಲ್ಲಿ ಒಂದು ವಿಷಯವನ್ನು ಅರಿಕೆ ಮಾಡಬೇಕಾಗಿದೆ. ಕೋಟೆಯೊಳಗಣ ನಮ್ಮ ಹಳೆಯ ಮನೆಯ ಅಟ್ಟದಲ್ಲಿ, ತೊಲೆಗೆ ಕಟ್ಟಿ, ಹಳೆಯ ಪಂಚೆಯಲ್ಲಿ ಸುತ್ತಿದ ಒಂದು ಕತ್ತಿಯಿದ್ದಿತು. ನಮ್ಮ ಹಿರಿಯರು ಕೋಟೆಯ ಕಾವಲಿನಲ್ಲಿದ್ದರೆಂದು ಹೇಳುತ್ತಿದ್ದರು. ವರ್ಷಕ್ಕೊಮ್ಮೆ ಆಯುಧಪೂಜೆಯ ಹಿಂದಿನ ದಿನ ತಂದೆಯವರು ಅದನ್ನು ತಾವೇ ಇಳಿಸಿ, ಬೂದಿಯಿಂದ ಉಜ್ಜಿ, ಎಳ್ಳೆಣ್ಣೆಯನ್ನು ಸವರಿ ಬಿಸಿಲಿಗೆ ಹಿಡಿಯುವರು. ಆಗ ಅಲಗಿನ ಮೇಲೆ, ಹರಿಯುವ ಕಾಲುವೆಯ ನೀರಿನಲ್ಲಿ ಕಾಣುವಂತೆ, ನವುರಾದ ಗೆರೆಗಳು ಸುಳಿಸುಳಿಯಾಗಿ ಕಾಣುತ್ತಿದ್ದುವು. ಅವು ತುಕ್ಕಿನ ಗುರುತುಗಳೆಂದು ನಾನು ತಿಳಿದಿದ್ದೆನು. ಮೂಸೆಯ ಉಕ್ಕಿನ ಅಲಗಿನಲ್ಲಿ ಅಂತಹ ಗೆರೆಗಳು ಏಳುವುವೆಂದು ಪುಸ್ತಕದಲ್ಲಿ ಓದಿದುದು ಎಷ್ಟೋ ವರ್ಷಗಳ ಮೇಲೆ.

1988ರಲ್ಲಿ ತಂದೆಯವರು ತೀರಿಕೊಂಡರು. ಮನೆಯನ್ನು ಪಾಲುಮಾಡುವಾಗ ಹಿತ್ತಾಳೆ ತಾಮ್ರಗಳನ್ನು ಎಲ್ಲರೂ ಹಂಚಿಕೊಂಡರು. ಅಟ್ಟದ ಸಾಮಾನು ಮಾತ್ರ ಯಾರಿಗೂ ಬೇಡವಾಯಿತು. ಹಳೆಯ ಸಾಮಾನು ಕೊಳ್ಳುವವನೊಬ್ಬನನ್ನು ನಾನೇ ಬೀದಿಯಿಂದ ಕರೆದೆನು. ಮುರಿದ ಗುದ್ದಲಿ, ಬಾವಿಯ ರಾಟೆ, ಬಂಡಿಯ ಪಟ್ಟಿ, ಅವುಗಳ ನಡುವೆ ಆ ಕತ್ತಿ. ಮನೆಯಲ್ಲಿ ಕತ್ತಿಯಿದ್ದರೆ ಪೋಲೀಸಿನವರ ತಂಟೆಯೆಂದು ಯಾರೋ ಹೆದರಿಸಿದ್ದರು. ಅದು ನಾನು ಹೇಳಿಕೊಂಡ ನೆಪ. ನಿಜವಾಗಿ ಹೇಳುವುದಾದರೆ ನನಗೆ ಅಂದು ಬೇಸರವಾಗಿದ್ದಿತು, ಬೇಗ ಮುಗಿದರೆ ಸಾಕಾಗಿದ್ದಿತು. ಅವನು ಎಲ್ಲವನ್ನೂ ಒಂದೇ ತಕ್ಕಡಿಗೆ ಹಾಕಿ ಕಬ್ಬಿಣದ ದರದಲ್ಲಿ ತೂಗಿದನು. ನಾನು ಹಣವನ್ನು ಎಣಿಸಿಕೊಂಡೆನು.

ಮುಂದಿನ ಹಬ್ಬಕ್ಕೆ ಈ ಹುಡುಗನು, ಆಗ ಏಳು ವರ್ಷದವನು, “ತಾತನ ಕತ್ತಿ ಎಲ್ಲಿ ದೊಡ್ಡಪ್ಪ?” ಎಂದು ಅಟ್ಟವನ್ನು ಹತ್ತಿ ಹುಡುಕಿದನು. ಮ್ಯೂಸಿಯಮ್ಮಿಗೆ ಕೊಟ್ಟೆವೆಂದು ಹೇಳಿಬಿಟ್ಟೆನು. ಕೆಲವು ವರ್ಷಗಳ ಮೇಲೆ ಶಾಲೆಯವರೊಡನೆ ಬೆಂಗಳೂರಿಗೆ ಹೋಗಿದ್ದವನು ಬಂದು, “ಎಲ್ಲ ಕೋಣೆಯನ್ನೂ ನೋಡಿದೆ, ನಮ್ಮದು ಕಾಣಿಸಲಿಲ್ಲ” ಎಂದನು. “ಬೆಲೆಯುಳ್ಳದ್ದನ್ನು ಒಳಗಿನ ಕೋಣೆಯಲ್ಲಿ ಇಟ್ಟಿರುತ್ತಾರೆ” ಎಂದೆನು. ಅವನು ನಂಬಿದನು. ಮೂವತ್ತು ವರ್ಷಗಳಿಂದ ನಂಬಿಕೊಂಡೇ ಬಂದಿದ್ದನು.

ಈಗ ಅದೇ ನಂಬಿಕೆಯನ್ನು ಮಗಳಿಗೂ ದಾಟಿಸುತ್ತಿದ್ದನು. ನಾನು ಕನ್ನಡಕವನ್ನು ತೆಗೆದು ಕೈಯಲ್ಲಿ ಹಿಡಿದುಕೊಂಡು ನಡೆದುದನ್ನು ಹೇಳಿದೆನು. ಬಹಳ ಹೊತ್ತು ಬೇಕಾಗಲಿಲ್ಲ; ನಾಲ್ಕು ಮಾತುಗಳಲ್ಲಿ ಮುಗಿಯಿತು. ಹುಡುಗನು ಏನೂ ಅನ್ನಲಿಲ್ಲ. ಗೋಡೆಯ ಕಡೆ ನೋಡುತ್ತ ನಿಂತನು. ಬಳಿಕ ತನ್ನ ಕತ್ತಿಯನ್ನು ಪೀಠದಿಂದ ಎತ್ತಿ, ಅಕ್ಕನ ಮುಂದೆ ಹಿಡಿದು, “ಇಡಿ ಅತ್ತೆ” ಎಂದನು. ಅಕ್ಕನು ಹಿಡಿಯ ಬುಡದಲ್ಲಿ ಒಂದು ಬೊಟ್ಟಿಟ್ಟಳು.

“ದೊಡ್ಡತಾತ, ಅದು ಎಷ್ಟು ಉದ್ದ ಇತ್ತು?” ಎಂದು ಮಗುವು ಕೇಳಿತು.

ನಾನು ಎರಡು ಕೈಗಳನ್ನೂ ಚಾಚಿ ತೋರಿಸಿದೆನು. ಅಕ್ಕನು ಕುಂಕುಮದ ತಟ್ಟೆಯನ್ನು ಕೆಳಗಿಟ್ಟು, “ಅಷ್ಟಿರಲಿಲ್ಲ ಕಣೋ” ಎಂದು, ನನ್ನ ಬಲಗೈಯನ್ನು ಹಿಡಿದು ನಾಲ್ಕು ಬೆರಳಷ್ಟು ಒಳಕ್ಕೆ ಸರಿಸಿದಳು.