ಬಾಣಂತನಕ್ಕೆ ಬರುವ ಹಕ್ಕಿಗಳು

ರಜೆ ಬಂತೆಂದರೆ ಬೆಂಗಳೂರು, ಮೈಸೂರುಗಳ ಎಷ್ಟೋ ಸಂಸಾರಗಳು ಮಂಡ್ಯ ಸೀಮೆಯ ಹಳ್ಳಿಗಳತ್ತ ಮುಖ ಮಾಡುತ್ತವೆ. ಮಂಡ್ಯ ತಾಲ್ಲೂಕಿನ ಕೆರಗೋಡು ಅಂಥ ಊರುಗಳಲ್ಲೊಂದು. ಅಜ್ಜಿಯ ಮನೆ, ಕಬ್ಬಿನ ಗದ್ದೆ, ಆಲೆಮನೆಯ ಬಿಸಿ ಬೆಲ್ಲ ಇವುಗಳಲ್ಲಿ ಎರಡು ದಿನ ಕಳೆಯುವುದರೊಳಗೆ ಚಿಕ್ಕ ಮಕ್ಕಳ ಬೇಡಿಕೆ ಹೊರಡುತ್ತದೆ: ಪ್ರಾಣಿಗಳನ್ನು ತೋರಿಸಬೇಕು! ಹಿರಿಯರಿಗೆ ಆಗ ಹೊಳೆಯುವುದು 1892ರಲ್ಲಿ ಸ್ಥಾಪಿತವಾದ ಮೈಸೂರಿನ ಮೃಗಾಲಯ. ಇಲ್ಲವೇ 1940ರಿಂದ ಪಕ್ಷಿಧಾಮವಾಗಿರುವ ಕಾವೇರಿಯ ರಂಗನತಿಟ್ಟು. ಎರಡೂ ನೋಡತಕ್ಕವೇ. ಆದರೆ ನಾಲ್ಕೈದು ವರ್ಷದ ಮಗುವಿನ ಕೈ ಹಿಡಿದು ಹೊರಟವರಿಗೆ ಮಂಡ್ಯ ಜಿಲ್ಲೆಯಲ್ಲಿಯೇ ಮತ್ತೊಂದು ಸ್ಥಳವುಂಟು. ಅದು ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರು.

ಕೆರಗೋಡಿನಿಂದ ಮಂಡ್ಯಕ್ಕೆ ಬಂದು, ಹಳೆಯ ಹೆದ್ದಾರಿಯಲ್ಲಿ ಮದ್ದೂರನ್ನು ದಾಟಿ, ರುದ್ರಾಕ್ಷಿಪುರದ ಬಳಿ ಬಲಕ್ಕೆ ತಿರುಗಿ ಸುಮಾರು 12 ಕಿಲೋಮೀಟರು ಹೋದರೆ ಶಿಂಷಾ ನದಿಗೆ ಸಮೀಪದ ಈ ಊರು ಸಿಗುತ್ತದೆ. ಇಲ್ಲಿ ಪಂಜರವಿಲ್ಲ, ಕಂದಕವಿಲ್ಲ. ಮನೆಯ ಮುಂದೆ ಹೆಂಗಸರು ರಂಗೋಲಿ ಇಡುತ್ತಿರುವರು. ಮೇಲೆ, ಅದೇ ಹಿತ್ತಿಲ ಹುಣಿಸೆಮರದಲ್ಲಿ, ಹೆಜ್ಜಾರ್ಲೆ ತನ್ನ ಮರಿಗೆ ಮೀನು ಉಣಿಸುತ್ತಿರುವುದು. ರೆಕ್ಕೆ ಬಿಚ್ಚಿದರೆ ಏಳೆಂಟು ಅಡಿಯಾಗುವ ಈ ಭಾರಿ ಹಕ್ಕಿಯ ಕೊಕ್ಕಿನಡಿ ಒಂದು ಚೀಲವುಂಟು. ಮರಿ ಆ ಚೀಲದೊಳಕ್ಕೆ ತಲೆಯನ್ನೇ ತೂರಿಸಿ ಉಣ್ಣುವುದನ್ನು ಕಂಡ ಮಗು ಮೊದಲು ಹೆದರುತ್ತದೆ, ಮರುಕ್ಷಣವೇ ನಗುತ್ತದೆ. ಪಕ್ಕದ ಮರದಲ್ಲಿ ಹಳದಿ ಕೊಕ್ಕಿನ, ಹಿಂಬದಿಯ ಗರಿಗಳಿಗೆ ಗುಲಾಬಿ ಬಣ್ಣ ಬಳಿದಂತಿರುವ ಬಣ್ಣದ ಕೊಕ್ಕರೆಗಳು.

“ಈ ಹಕ್ಕಿಗಳು ಯಾರವು?” ಎಂದು ಕೇಳದ ಮಗುವಿಲ್ಲ. ಊರವರ ಉತ್ತರ ಸಿದ್ಧವಾಗಿದೆ: ಇವು ಬಾಣಂತನಕ್ಕೆ ತವರಿಗೆ ಬಂದ ಹೆಣ್ಣುಮಕ್ಕಳು. 1916ರಲ್ಲಿ ಪ್ಲೇಗು ಬಂದು ಜನರು ನದಿಯ ದಂಡೆಯ ಹಳೆಯ ಊರನ್ನು ಬಿಟ್ಟಾಗ, ಹಕ್ಕಿಗಳೂ ಅವರ ಹಿಂದೆಯೇ ಹೊಸ ಊರಿಗೆ ಬಂದುವೆಂದು ಇಲ್ಲಿ ಹೇಳುತ್ತಾರೆ. ಹೆಣ್ಣುಮಗಳು ಬಂದರೆ ಮನೆಗೆ ಶುಭ. ಅವಳಿಗೆ ಕಲ್ಲೆಸೆಯುವವರು ಯಾರು?

ಈ ಅಕ್ಕರೆಗೆ ಬೆಲೆಯೂ ಉಂಟು. ಹಕ್ಕಿ ಗೂಡು ಕಟ್ಟಿದ ಮರದ ಹುಣಿಸೆಹಣ್ಣು ಮಾಲೀಕನ ಕೈಗೆ ಸರಿಯಾಗಿ ಹತ್ತದು. ಈ ನಷ್ಟಕ್ಕೆ ಅರಣ್ಯ ಇಲಾಖೆ ಪರಿಹಾರಧನದ ಏರ್ಪಾಟು ಮಾಡಿತು. ಮರದಡಿ ಬೀಳುವ ಹಿಕ್ಕೆಯನ್ನು ರೈತರು ಕೆರೆಯ ಗೋಡಿನೊಡನೆ ಬೆರೆಸಿ ಗೊಬ್ಬರ ಮಾಡಿಕೊಳ್ಳುವ ರೂಢಿಯೂ ಇದೆ. ಗೂಡಿನಿಂದ ಬಿದ್ದ ಮರಿಯನ್ನು ತಾಯಿಹಕ್ಕಿ ಕೆಳಗಿಳಿದು ಸಾಕುವುದಿಲ್ಲ. ಅಂಥ ಮರಿಗಳನ್ನು ಎತ್ತಿ ತಂದು, ಮೀನು ತಿನ್ನಿಸಿ, ರೆಕ್ಕೆ ಬಲಿತ ಮೇಲೆ ಹಾರಿಬಿಡುವ ಕೆಲಸವನ್ನು ಊರಿನ ಯುವಕರ ‘ಹೆಜ್ಜಾರ್ಲೆ ಬಳಗ’ ಕೈಗೊಂಡಿತು. 2007ರಲ್ಲಿ ಸರ್ಕಾರವು ಈ ಸ್ಥಳವನ್ನು ಸಮುದಾಯ ಮೀಸಲು ಪ್ರದೇಶವೆಂದು ಘೋಷಿಸಿತು.

ಆದರೂ ತವರು ನಿಶ್ಚಿಂತವಾಗಿಲ್ಲ. 2017–18ರ ಋತುವಿನಲ್ಲಿ ಹೊಟ್ಟೆಯ ಹುಳುಗಳ ಬಾಧೆಯಿಂದ ಹತ್ತಾರು ಹೆಜ್ಜಾರ್ಲೆಗಳು ಸತ್ತವು. ಮುದಿಮರಗಳು ಒಂದೊಂದಾಗಿ ಉರುಳಿದರೆ, ಸುತ್ತಲಿನ ಕೆರೆಗಳು ಬತ್ತಿದರೆ, ಊರವರ ಪ್ರೀತಿಯೊಂದೇ ಹಕ್ಕಿಗಳನ್ನು ನಿಲ್ಲಿಸಿಕೊಳ್ಳಲಾರದು.

ಸಂಕ್ರಾಂತಿಯಿಂದ ಯುಗಾದಿಯವರೆಗಿನ ದಿನಗಳು ಇಲ್ಲಿಗೆ ಪ್ರಶಸ್ತ. ಹೊತ್ತು ಏರುವ ಮೊದಲೇ ತಲುಪಿದರೆ ಮಗುವಿಗೆ ಬಿಸಿಲ ಬಾಧೆ ತಪ್ಪುತ್ತದೆ. ಮರದ ನೇರ ಕೆಳಗೆ ನಿಲ್ಲದಿರುವುದು ಬಟ್ಟೆಗೆ ಕ್ಷೇಮ. ಕೂಗು, ಚಪ್ಪಾಳೆ ಸಲ್ಲದೆಂದು ಮಗುವಿಗೆ ಮೊದಲೇ ತಿಳಿಹೇಳಬೇಕು. ಬಾಣಂತಿಯಿರುವ ಮನೆಯಲ್ಲಿ ಗದ್ದಲ ಮಾಡಬಾರದೆಂದರೆ ಅದಕ್ಕೆ ಬೇಗನೆ ಅರ್ಥವಾಗುತ್ತದೆ. ಮೃಗಾಲಯದಲ್ಲಿ ಮಗು ಹುಲಿಯನ್ನು ಕಾಣುವುದು ಕಂಬಿಯಾಚೆ. ಇಲ್ಲಿ ಅದು ಕಾಣುವುದು, ತಮ್ಮ ಹಿತ್ತಿಲಿನ ಮರವನ್ನೇ ಹಕ್ಕಿಗೆ ಬಿಟ್ಟುಕೊಟ್ಟ ಮನುಷ್ಯರನ್ನು.