ಕೆಂಚನ ಕೌದಿ

ಧಾರವಾಡದಿಂದ ಪುಣೆಗೆ ಬರುವ ರಸ್ತೆ ನನಗೆ ಬಾಯಿಪಾಠ. ಕಿತ್ತೂರು, ಎಂ.ಕೆ. ಹುಬ್ಬಳ್ಳಿಯ ಹತ್ತಿರ ಮಲಪ್ರಭೆ, ಬೆಳಗಾವಿ, ಸಂಕೇಶ್ವರ, ನಿಪ್ಪಾಣಿ. ಆಮೇಲೆ ಕಾಗಲ್, ಕೊಲ್ಹಾಪುರ, ಕರಾಡ, ಸಾತಾರಾ. ಒಟ್ಟು 400 ಕಿಲೋಮೀಟರಿಗೆ ಸ್ವಲ್ಪ ಜಾಸ್ತಿ. 12 ವರ್ಷಗಳಿಂದ ರಾತ್ರಿ ಬಸ್ಸಿನಲ್ಲಿ ನಿದ್ದೆ ಮಾಡುತ್ತಲೇ ದಾಟಿದ ದಾರಿ. 2025ರ ಜನವರಿಯಲ್ಲಿ ಮಾತ್ರ ಹಗಲು ಹೊತ್ತಿನಲ್ಲಿ, ಕಾರಿನಲ್ಲಿ, 11 ತಾಸು ತೆಗೆದುಕೊಂಡು ಬಂದೆವು. ಮುಂದೆ ನಾನು ಮತ್ತು ನನ್ನ ಗಂಡ. ಹಿಂದೆ ಅವ್ವ, ಅವ್ವನ ತೊಡೆಯ ಮೇಲೆ ತಲೆಯಿಟ್ಟು ಕೆಂಚ.

ರೈಲಿನಲ್ಲಿ ತರೋಣವೆಂದು ಮೊದಲು ಯೋಚಿಸಿದ್ದೆ. ನಾಯಿ ನಮ್ಮ ಜೊತೆಯಲ್ಲೇ ಇರಬೇಕೆಂದರೆ ಫಸ್ಟ್ ಎಸಿಯಲ್ಲಿ ಇಡೀ ಕೂಪೆ ಸಿಗಬೇಕು, ಇಲ್ಲದಿದ್ದರೆ ಗಾರ್ಡಿನ ಡಬ್ಬಿಯ ಪಂಜರ. ಹನ್ನೆರಡೂವರೆ ವರ್ಷದ ಮುದುಕನನ್ನು ಪಂಜರಕ್ಕೆ ಹಾಕುವುದಕ್ಕೆ ಅವ್ವ ಒಪ್ಪುವ ಮಾತೇ ಇರಲಿಲ್ಲ. ಹಾಗಾಗಿ ಕಾರು. ಎರಡು ತಾಸಿಗೊಮ್ಮೆ ನಿಲ್ಲಿಸುವುದು, ನೀರು ಕುಡಿಸುವುದು, ನಾಲ್ಕು ಹೆಜ್ಜೆ ಅಡ್ಡಾಡಿಸುವುದು.

ನಿಪ್ಪಾಣಿ ದಾಟುವ ಮುಂಚೆ ಒಂದು ಢಾಬಾದ ಪಕ್ಕ ಇಳಿಸಿದೆವು. ಕೆಂಚ ಸುಮಾರು ಹೊತ್ತು ನೆಲ ಮೂಸಿದ. ಆಮೇಲೆ ನಾವು ಬಂದ ದಿಕ್ಕಿಗೆ ಮುಖ ಮಾಡಿ ಕೂತುಬಿಟ್ಟ. ಕರೆದರೆ ಏಳಲಿಲ್ಲ.

"ಅದಕ್ಕ ಎಲ್ಲಾ ತಿಳೀತೈತವಾ," ಅಂದಳು ಅವ್ವ.

ಎತ್ತಿ ಕಾರಿಗೆ ಹಾಕಲು ಹೊಟ್ಟೆಯ ಕೆಳಗೆ ಕೈ ಹಾಕಿದೆ. ನನ್ನ ಕಡೆ ತಿರುಗಿ ಗುರ್ ಎಂದ. ಜೋರಾಗಿಯೇನಲ್ಲ, ಅಪರಿಚಿತರಿಗೆ ಹೇಳುವಷ್ಟು.

ಇವನನ್ನು ಮನೆಗೆ ತಂದವಳು ನಾನೇ ಎನ್ನುವುದು ಇದರಲ್ಲಿನ ತಮಾಷೆ. 2012ರ ಮಳೆಗಾಲ. ಎಂಸಿಎ ಮುಗಿಸಿ ಹುಬ್ಬಳ್ಳಿಯಲ್ಲಿ ಸಣ್ಣದೊಂದು ಕೆಲಸಕ್ಕೆ ಹೋಗಿ ಬರುತ್ತಿದ್ದೆ. ಜುಬಿಲಿ ಸರ್ಕಲ್ಲಿನಲ್ಲಿ ಬಸ್ಸಿಳಿದಾಗ ತರಕಾರಿ ಗಾಡಿಯ ಕೆಳಗೆ ಅಂಗೈಯಷ್ಟು ಕೆಂಪು ಮರಿ ನಡುಗುತ್ತಾ ಕೂತಿತ್ತು. ದುಪಟ್ಟಾದಲ್ಲಿ ಸುತ್ತಿಕೊಂಡು ಸಪ್ತಾಪುರದ ಮನೆಗೆ ಬಂದೆ. "ಮನ್ಯಾಗ ನಾಯಿ ಗೀಯಿ ನಡ್ಯಾಂಗಿಲ್ಲ" ಎಂದು ಅಪ್ಪ ಒದರಾಡಿದರು. ಮೂರನೇ ದಿನ ನೋಡಿದರೆ ಅವರೇ ರೊಟ್ಟಿ ಮುರಿದು ಹಾಲಿನಲ್ಲಿ ನೆನೆಸುತ್ತಿದ್ದಾರೆ. ಎಂಟು ತಿಂಗಳಿಗೆ ನನ್ನ ಮದುವೆಯಾಯಿತು, ಪುಣೆಗೆ ಬಂದೆ. ಅಲ್ಲಿಂದ ಕೆಂಚ ಅಪ್ಪನ ನಾಯಿ. ದಿನಾ ಬೆಳಿಗ್ಗೆ ಕೆಲಗೇರಿ ಕೆರೆಯ ತನಕ ಇಬ್ಬರ ವಾಕಿಂಗ್. ಫೋನ್ ಮಾಡಿದರೆ ಮೊದಲ ಸುದ್ದಿ ಕೆಂಚನದು, ಆಮೇಲೆ ಅವರ ಬಿಪಿಯದು. ನಾನು ಹಬ್ಬಕ್ಕೆ ಊರಿಗೆ ಹೋದಾಗ ಕೆಂಚ ನೆಂಟರಿಗೆ ಆಡಿಸುವಷ್ಟು ಬಾಲ ಆಡಿಸಿ ಮತ್ತೆ ಅಪ್ಪನ ಕುರ್ಚಿಯ ಕೆಳಗೆ ಹೋಗಿ ಮಲಗುತ್ತಿದ್ದ. ನನಗೆ ಸ್ವಲ್ಪ ಚುಚ್ಚುತ್ತಿತ್ತು, ಸುಳ್ಳೇಕೆ ಹೇಳಲಿ. ಆದರೆ ಬಿಟ್ಟು ಹೋದವರು ಯಾವ ಬಾಯಲ್ಲಿ ಕೇಳುವುದು?

2024ರ ದೀಪಾವಳಿಗೆ ಮುಂಚೆ ಅಪ್ಪ ತೀರಿಕೊಂಡರು. ನಾನೊಬ್ಬಳೇ ಮಗಳು. ಪುಣೆಗೆ ಬಾ ಎಂದರೆ ಅವ್ವನದು ಒಂದೇ ಹಾಡು: "ಮಗಳ ಮನ್ಯಾಗ ಎಷ್ಟ ದಿನಾ ಇರ್ಲಿ? ಮಂದಿ ಏನಂದಾರು?" ನಮ್ಮ ಕಡೆಯವರಿಗೆ ಈ ಮಾತು ಬಿಡಿಸಿ ಹೇಳಬೇಕಿಲ್ಲ. ಕೊನೆಗೆ ನನ್ನ ಗಂಡನೇ ಕೂತು ಮಾತಾಡಿದರು. ಆಗ ಅವ್ವ ಒಂದು ಕರಾರು ಹಾಕಿದಳು. "ಕೆಂಚ ಬರ್ತಿದ್ರ ನಾ ಬರ್ತೀನಿ, ಅಳಿಯಂದ್ರ."

ಹೀಗೆ ಪಾಷಾಣದ ನಮ್ಮ ಏಳನೇ ಮಹಡಿಯ ಫ್ಲ್ಯಾಟಿಗೆ ಅವ್ವ ಬಂದಳು, ಅವಳ ಟ್ರಂಕು ಬಂತು, ಕೆಂಚ ಬಂದ. ಸೊಸೈಟಿಯವರದು ಮೊದಲ ವಾರವೇ ತಕರಾರು. ನಾಯಿ ಲಿಫ್ಟಿನಲ್ಲಿ ಬೇಡವಂತೆ. ಹಾಗೆ ತಡೆಯುವಂತಿಲ್ಲ ಎಂದು ಪ್ರಾಣಿ ಕಲ್ಯಾಣ ಮಂಡಳಿಯ ಮಾರ್ಗಸೂಚಿಯೇ ಇದೆ. ಪ್ರಿಂಟ್ ಹಾಕಿಸಿ ಕೊಟ್ಟೆ. ರೇಬೀಸ್ ಲಸಿಕೆಯ ಕಾಗದ ಹಿಡಿದು ಪಾಲಿಕೆಯ ಲೈಸೆನ್ಸನ್ನೂ ಮಾಡಿಸಿದೆ. ಇಷ್ಟು ಸಲೀಸಾಗಿದ್ದು ಕಾಗದಪತ್ರ ಮಾತ್ರ.

ಸಪ್ತಾಪುರದ ಮನೆಯಲ್ಲಿ ಇದ್ದದ್ದು ಶಹಾಬಾದ್ ಫರಸಿ. ಒರಟು ನೆಲ, ಉಗುರು ತಾನೇ ಸವೆಯುತ್ತಿತ್ತು. ಇಲ್ಲಿ ಕನ್ನಡಿಯಂಥ ಟೈಲ್ಸ್. ಸೊಂಟದ ಸಂಧಿವಾತ ಬೇರೆ. ಎದ್ದು ನಿಂತರೆ ಹಿಂಗಾಲು ಎರಡೂ ಪಕ್ಕಕ್ಕೆ ಜಾರಿ ಕುಸಿಯುತ್ತಿದ್ದ. ಡಾಕ್ಟರು ಮಾತ್ರೆಗಿಂತ ಮೊದಲು ಬರೆದುಕೊಟ್ಟದ್ದು ರಬ್ಬರ್ ಮ್ಯಾಟು. ನಮ್ಮ ಮೂರು ಯೋಗಾ ಮ್ಯಾಟುಗಳೂ ಬಾಗಿಲಿನಿಂದ ಬಾಲ್ಕನಿಯ ತನಕ ಹಾಸಿದೆವು. ಯೋಗ ಹೇಗೂ ಯಾರೂ ಮಾಡುತ್ತಿರಲಿಲ್ಲ. (ನೋವಿದೆಯೆಂದು ನಾವು ನುಂಗುವ ಕ್ರೋಸಿನ್, ಬ್ರೂಫೆನ್ ಮಾತ್ರ ನಾಯಿಗೆ ಕೊಡಬೇಡಿ. ಅದು ವಿಷ.) ಕಣ್ಣಿನ ನೀಲಿ ಮಬ್ಬು ಪೊರೆಯಲ್ಲ, ವಯಸ್ಸಿನದು, ದೃಷ್ಟಿಗೆ ಅಂಥ ತೊಂದರೆಯಿಲ್ಲ ಎಂದರು. ಕಿವಿ ಮಾತ್ರ ಹೆಚ್ಚುಕಮ್ಮಿ ಹೋಗಿದೆ.

ನಿಪ್ಪಾಣಿಯಲ್ಲಿ ನಾನು ಕರೆದದ್ದು ಅವನಿಗೆ ಕೇಳಿಯೇ ಇರಲಿಲ್ಲವೇನೋ ಎಂದು ಆಗ ಹೊಳೆಯಿತು. ಹಿಂದಿನಿಂದ ಸದ್ದಿಲ್ಲದೆ ಬಂದು ಹೊಟ್ಟೆಗೆ ಕೈ ಹಾಕಿದರೆ ಯಾರಾದರೂ ಗುರ್ ಎನ್ನಬೇಕಾದದ್ದೇ.

"ಮತ್ತ ಅಪ್ಪ ಹೆಂಗ ಕರೀತಿದ್ರು?" ಎಂದು ಅವ್ವನನ್ನು ಕೇಳಿದೆ.

"ಕೋಲು ಕುಟ್ಟತಿದ್ರು. ನೆಲಕ್ಕ. ಎರಡು ವರ್ಷಾತು." ಅವ್ವ ಮೆಂತ್ಯ ಸೋಸುತ್ತಲೇ ಹೇಳಿದಳು. "ನೀ ಕೇಳಿದ್ರ ಹೇಳ್ತಿದ್ದೆ."

ಅಪ್ಪನ ಕೋಲು ಧಾರವಾಡದಲ್ಲೇ ಉಳಿದಿತ್ತು. ನಾನು ಹಿಮ್ಮಡಿಯಿಂದ ನೆಲ ಕುಟ್ಟಿದೆ. ಮ್ಯಾಟಿನ ಮೇಲೆ ಮಲಗಿದ್ದ ಕೆಂಚ ತಲೆಯೆತ್ತಿ ಸುತ್ತ ನೋಡಿದ. ಬಾಗಿಲ ಕಡೆ ನೋಡಿದ. ಆಮೇಲೆ ನನ್ನ ಕಡೆ. ಕೆಳಗಿನ ಮನೆಯವರಿಗೆ ಒಂದು ಡಬ್ಬಿ ಧಾರವಾಡ ಪೇಡೆ ಕೊಟ್ಟು ಮೊದಲೇ ಕ್ಷಮೆ ಕೇಳಿಕೊಂಡೆ. ಒಂಬತ್ತು ವರ್ಷದ ಮಗಳಿಗೆ ಇದು ಹೊಸ ಆಟವಾಯಿತು. ಶಾಲೆಯಲ್ಲಿ ಇಂಗ್ಲಿಷ್, ಗೆಳತಿಯರ ಜೊತೆ ಮರಾಠಿ ಮಾತಾಡುವ ಹುಡುಗಿ ಕಾಲು ಕುಟ್ಟಿ "ಬಾರಲೇ ಕೆಂಚ್ಯಾ, ಕೂಡ್ರು" ಎನ್ನತೊಡಗಿದಳು. ನಾನು 9 ವರ್ಷದಲ್ಲಿ ಕಲಿಸಲಾಗದ ಧಾರವಾಡದ ಕನ್ನಡವನ್ನು ಒಂದು ಕಿವುಡು ನಾಯಿ ಎರಡು ವಾರದಲ್ಲಿ ಕಲಿಸಿತು.

ಎಲ್ಲ ಸರಿಹೋಯಿತು ಎನ್ನುವಾಗಲೇ ನಾನು ಕೌದಿ ತೊಳೆದೆ.

ಅವ್ವನ ಹಳೇ ಸೀರೆ, ಅಪ್ಪನ ಧೋತರದ ತುಂಡುಗಳನ್ನು ಕೂಡಿಸಿ ಹೊಲಿದ ಕೌದಿ ಅದು. ಅಪ್ಪ ಹೊದೆಯುತ್ತಿದ್ದದ್ದು. ಅಪ್ಪ ಹೋದ ಮೇಲೆ ಕೆಂಚ ಅದರ ಮೇಲೆಯೇ ಮಲಗುತ್ತಿದ್ದ. ಮನೆಗೆ ಯಾರೋ ಬರುವವರಿದ್ದರು. ವಾಸನೆ ಬರುತ್ತಿದೆ ಎಂದು ಎತ್ತಿ ವಾಷಿಂಗ್ ಮಷಿನ್ನಿಗೆ ಹಾಕಿದೆ, ಕಂಫರ್ಟನ್ನೂ ಸುರಿದೆ. ಸಂಜೆ ಒಣಗಿಸಿ ಅದೇ ಜಾಗದಲ್ಲಿ ಹಾಸಿದೆ. ಕೆಂಚ ಮೂಸಿದ, ಪಕ್ಕಕ್ಕೆ ಸರಿದ, ಮತ್ತೆ ಮೂಸಿದ. ಆ ರಾತ್ರಿಯಿಡೀ ಅವನ ಉಗುರಿನ ಟಕಟಕ ಸದ್ದು. ಅಡುಗೆಮನೆ, ಬಾಲ್ಕನಿ, ಬಾಗಿಲು. ಮೂಲೆಯಲ್ಲಿ ಗೋಡೆಗೆ ಮುಖ ಮಾಡಿ ನಿಲ್ಲುವುದು. ವಯಸ್ಸಾದ ನಾಯಿಗೆ ಕಣ್ಣು, ಕಿವಿ ಮಂಕಾದ ಮೇಲೂ ಮೂಗು ಉಳಿದಿರುತ್ತದೆ. ಜಾಗ ಯಾವುದು, ಜನ ಯಾರು ಎಂಬುದನ್ನು ಅದು ಹೇಳಬೇಕು. ಆ ಮನೆಯಲ್ಲಿ ಅವನಿಗೆ ಗೊತ್ತಿದ್ದ ಒಂದೇ ಜಾಗವನ್ನು ನಾನು ಲ್ಯಾವೆಂಡರ್ ಮಾಡಿಬಿಟ್ಟಿದ್ದೆ.

ಎರಡನೇ ರಾತ್ರಿಯೂ ಹಾಗೆಯೇ. ಅವನು ನಡೆದದ್ದೇ ನಡೆದದ್ದು. ಒಂದು ಗಂಟೆಗೆ ಹಾಲಿನಲ್ಲಿ ಅವನ ಜೊತೆ ನೆಲಕ್ಕೆ ಕೂತಿದ್ದೆ. ಅವ್ವ ಎದ್ದು ಬಂದಳು. ಬೈಯುತ್ತಾಳೆ ಅಂದುಕೊಂಡೆ. ಏನೂ ಅನ್ನಲಿಲ್ಲ. ಒಳಗೆ ಹೋಗಿ ಟ್ರಂಕು ತೆಗೆದ ಸದ್ದಾಯಿತು. ಒಂದು ಪ್ಲಾಸ್ಟಿಕ್ ಚೀಲ ತಂದಳು, ಬಾಯಿಗೆ ಗಂಟು. ಬಿಚ್ಚಿದಳು. ಅಪ್ಪನ ಮಫ್ಲರು. ತೊಳೆದಿರಲಿಲ್ಲ. ಆಸ್ಪತ್ರೆಗೆ ಹೋಗುವ ದಿನ ಕಟ್ಟಿಕೊಂಡಿದ್ದದ್ದು.

ಅವಳ ಟ್ರಂಕಿನಲ್ಲಿ ಅದಿದೆಯೆಂದು ನನಗೆ ಗೊತ್ತಿರಲಿಲ್ಲ.

ಅವ್ವ ಅದನ್ನು ಕೌದಿಯ ಮೇಲೆ ಇಟ್ಟಳು. ಕೆಂಚ ಮೂಗು ಅದರಲ್ಲಿ ತುರುಕಿ, ಮೂರು ಸುತ್ತು ಸುತ್ತಿ, ಧಡಕ್ಕನೆ ಬಿದ್ದುಕೊಂಡ. ನಾವಿಬ್ಬರೂ ಅಲ್ಲೇ ಕೂತಿದ್ದೆವು. ಅಪ್ಪ ಹೋದಾಗಿನಿಂದ ಅವ್ವನ ಜೊತೆ ಹಾಗೆ ಕೂತದ್ದು ಅದೇ ಮೊದಲು. ಬರೀ ಕಾಗದ, ಬ್ಯಾಂಕು, ಮನೆಗೆ ಬೀಗ, ಇದೇ ಆಗಿತ್ತು.

ಬೆಳಿಗ್ಗೆ ಅವ್ವ ಮಫ್ಲರನ್ನು ಮಡಚಿ ಚೀಲದೊಳಗೆ ಹಾಕಿ ಗಂಟು ಬಿಗಿದಳು. "ಇರಲಿ ಬಿಡವಾ, ಅದಕ್ಕ ಬೇಕಾಗತೈತಿ" ಅಂದೆ.

"ರಾತ್ರಿ ಕೊಡ್ತೀನಿ," ಅಂದಳು. "ಹಗಲಿಗೆ ನಂಗ ಬೇಕು."

ಈಗ ಅದೇ ಪದ್ಧತಿ. ಕೌದಿಗೆ ನಿಧಾನವಾಗಿ ಮತ್ತೆ ನಾಯಿಯ ವಾಸನೆ ಬಂದಿದೆ. ಯಾರು ಬಂದರೂ ನಾನದನ್ನು ಮುಟ್ಟುವುದಿಲ್ಲ.

ಬೆಳಿಗ್ಗೆ ಆರಕ್ಕೆ ನಾವಿಬ್ಬರೂ ಪಾಷಾಣ ಕೆರೆಯ ಕಡೆ ಹೋಗುತ್ತೇವೆ. ರಾಮನದಿಗೆ ಅಡ್ಡ ಕಟ್ಟಿದ ಕೆರೆ. ಅರ್ಧ ಅಂತರಗಂಗೆ ತುಂಬಿಕೊಂಡಿದೆ, ನೀರಿನ ವಾಸನೆಯೂ ಅಷ್ಟು ಸುಖವಿಲ್ಲ. ಹತ್ತು ವರ್ಷ ಇದರ ಪಕ್ಕ ಕ್ಯಾಬಿನಲ್ಲಿ, ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ಹೋಗಿದ್ದೇನೆ, ಒಂದು ದಿನ ಇಳಿದಿರಲಿಲ್ಲ. ಕೆಂಚನಿಗೆ ಮಾತ್ರ ಅದು ಮೊದಲ ದಿನದಿಂದಲೇ ಇಷ್ಟ. ಕೆಸರು, ಜೊಂಡು, ಹಕ್ಕಿಯ ಹಿಕ್ಕೆ, ಕೆಲಗೇರಿಯದೇ ನಂಟಿರಬೇಕು. ಅವನು ಒಂದು ಕಲ್ಲು ಮೂಸಲು ಐದು ನಿಮಿಷ ತೆಗೆದುಕೊಳ್ಳುತ್ತಾನೆ. ಅಷ್ಟು ಹೊತ್ತು ನಾನು ನಿಂತಿರಬೇಕು. ನಿಂತು ನಿಂತು ನೀರುಕೋಳಿಗೂ ಬಾತಿಗೂ ವ್ಯತ್ಯಾಸ ತಿಳಿದಿದ್ದೇನೆ. ಆಚೆ ಹೈವೇಯಲ್ಲಿ ಲಾರಿಗಳ ಸದ್ದು. ಅದೇ 48ನೇ ನಂಬರಿನ ಹೆದ್ದಾರಿ. ಹಿಡಿದು ದಕ್ಷಿಣಕ್ಕೆ ಹೋದರೆ ಧಾರವಾಡವೇ.

ನಿನ್ನೆ ಚಹದ ಗಾಡಿಯವರು ದಿನದಂತೆ ಕೇಳಿದರು, "ಚಾವ್ತೋ ಕಾ?" ಕಚ್ಚುವುದಿಲ್ಲ ಎಂದು ನಾನೂ ದಿನದಂತೆ ಹೇಳಿದೆ. ಅವರು ಮೊದಲ ಸಲ ಬಗ್ಗಿ ಬೆನ್ನು ಸವರಿದರು. ಅಷ್ಟರಲ್ಲಿ ಆಫೀಸಿನ ಕರೆ ಬಂತು, ಮಾತಾಡುತ್ತಾ ನಿಂತೆ. ಕೆಂಚ ತನ್ನ ಪಾಡಿಗೆ ಹಗ್ಗದ ಉದ್ದಕ್ಕೂ ಮುಂದೆ ಹೋದವನು ರಸ್ತೆಯ ತಿರುವಿನಲ್ಲಿ ನಿಂತ. ಮಬ್ಬುಗಣ್ಣಿನಿಂದ ಹಿಂದೆ ನೋಡಿದ. ಬಾಲ ಆಡಿಸಲಿಲ್ಲ, ಸುಮ್ಮನೆ ಕಾಯುತ್ತಿದ್ದ.

ಕರೆ ಕತ್ತರಿಸಿದೆ. ಹಿಮ್ಮಡಿಯಿಂದ ನೆಲ ಕುಟ್ಟಿದೆ, ಎರಡು ಸಲ. ಮನೆಯ ಕಡೆ ತಿರುಗಿ ನಡೆದ.